ಸಾಲ ತೀರಿತು, ಲೆಕ್ಕ ಉಳಿಯಿತು: ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್

2007ರ ಆರಂಭದಲ್ಲಿ ನಮ್ಮ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಮಹಿಳೆಯರು ಪಶ್ಚಿಮ ಆಫ್ರಿಕಾದ ಮನ್ರೋವಿಯಾ ನಗರದಲ್ಲಿ ಬಂದಿಳಿದರು. ವಿಶ್ವಸಂಸ್ಥೆಯ ಶಾಂತಿಪಡೆಯ ಇತಿಹಾಸದಲ್ಲಿ ಹೆಂಗಸರದ್ದೇ ಆದ ಮೊದಲ ಪೊಲೀಸ್ ತುಕಡಿ ಅದು. ಅವರ ಪಾಲಿಗೆ ಬಂದ ಕೆಲಸಗಳಲ್ಲಿ ಲೈಬೀರಿಯಾದ ವಿದೇಶಾಂಗ ಸಚಿವಾಲಯದ ಬಾಗಿಲು ಕಾಯುವುದೂ ಒಂದು. ಒಂದು ಸಚಿವಾಲಯಕ್ಕೆ ಅಷ್ಟೊಂದು ಬಂದೋಬಸ್ತ್ ಯಾಕೆಂದರೆ, ದೇಶದ ಅಧ್ಯಕ್ಷೆ ಕೂತು ಕೆಲಸ ಮಾಡುತ್ತಿದ್ದುದೇ ಅಲ್ಲಿ. ಅವರ ಅಧಿಕೃತ ಭವನಕ್ಕೆ ಹಿಂದಿನ ವರ್ಷದ ಜುಲೈ 26ರಂದು, ಸ್ವಾತಂತ್ರ್ಯ ದಿನಾಚರಣೆ ನಡೆಯುತ್ತಿದ್ದಾಗಲೇ ಬೆಂಕಿ ಬಿದ್ದಿತ್ತು. ವರ್ಷಗಟ್ಟಲೆ ಕತ್ತಲಲ್ಲಿದ್ದ ರಾಜಧಾನಿಯ ಕೆಲವು ಬೀದಿಗಳಿಗೆ ಮತ್ತೆ ದೀಪ ಬಂದದ್ದೂ ಅದೇ ದಿನ, ಅದೂ ಜನರೇಟರ್ ಬಲದಿಂದ. ಒಂದೇ ದಿನ ಬೀದಿಗೆ ಬೆಳಕು, ಮನೆಗೆ ಬೆಂಕಿ. ಎಲೆನ್ ಜಾನ್ಸನ್ ಸರ್ಲೀಫ್ ಅವರ 12 ವರ್ಷಗಳ ಆಡಳಿತ ಹೆಚ್ಚುಕಡಿಮೆ ಹೀಗೇ ಸಾಗಿತು.

ಮಹಿಳಾ ಅಧ್ಯಕ್ಷೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ರಾಷ್ಟ್ರಪತಿ ಭವನ ಬರುತ್ತದೆ. ಆ ಚಿತ್ರವನ್ನು ಸ್ವಲ್ಪ ಪಕ್ಕಕ್ಕಿಡಬೇಕು. ನಮ್ಮ ರಾಷ್ಟ್ರಪತಿ ಸಂಪುಟದ ಸಲಹೆಯಂತೆ ನಡೆಯುವವರು, ಅವರನ್ನು ಆರಿಸುವವರು ಶಾಸಕರು ಮತ್ತು ಸಂಸದರು. ಲೈಬೀರಿಯಾದ ಸಂವಿಧಾನ ಅಮೆರಿಕದ ಅಚ್ಚಿನಲ್ಲಿ ತೆಗೆದದ್ದು. ಅಲ್ಲಿ ಪ್ರಧಾನಿಯೇ ಇಲ್ಲ. ಜನ ನೇರವಾಗಿ ಆರಿಸಿದ ಅಧ್ಯಕ್ಷರೇ ಸರ್ಕಾರ, ಅವರೇ ಸೇನೆಯ ದಂಡನಾಯಕರು, ಸಚಿವರನ್ನು ಆರಿಸುವವರೂ ಅವರೇ. ಒಂದು ಅವಧಿ 6 ವರ್ಷ, ಹೆಚ್ಚೆಂದರೆ ಎರಡು ಅವಧಿ. ಹಾಗಾಗಿ ಸರ್ಲೀಫ್ ಅವರನ್ನು ಪ್ರತಿಭಾ ಪಾಟೀಲರ ಪಕ್ಕ ಇಟ್ಟು ನೋಡುವುದಕ್ಕಿಂತ ಇಂದಿರಾ ಗಾಂಧಿಯವರ ಪಕ್ಕ ಇಟ್ಟು ನೋಡುವುದೇ ಸರಿ. ಅವರಿಗೂ ಮುಂಚೆ, 1996-97ರಲ್ಲಿ, ರೂತ್ ಪೆರಿ ಎಂಬ ಮಹಿಳೆ ಲೈಬೀರಿಯಾದ ಮಧ್ಯಂತರ ಆಡಳಿತ ಮಂಡಳಿಯನ್ನು ನಡೆಸಿದ್ದುಂಟು. ಆದರೆ ಅದು ನೇಮಕದಿಂದ ಬಂದ ಕುರ್ಚಿ. ಜನರ ಮತ ಪಡೆದು ದೇಶವಾಳಲು ಬಂದ ಹೆಂಗಸು ಲೈಬೀರಿಯಾದಲ್ಲಷ್ಟೇ ಅಲ್ಲ, ಇಡೀ ಆಫ್ರಿಕಾ ಖಂಡದಲ್ಲೇ ಸರ್ಲೀಫ್ ಮೊದಲಿಗರು.

ಕಾಂಗೋ ಜನ, ಊರಿನ ಜನ

ಇವರ ರಾಜಕೀಯ ಅರ್ಥವಾಗಬೇಕಾದರೆ ದೇಶದ ಹುಟ್ಟಿನಿಂದ ಶುರು ಮಾಡದೆ ವಿಧಿಯಿಲ್ಲ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಏನು ಮಾಡುವುದೆಂಬ ಪ್ರಶ್ನೆಗೆ ಅಲ್ಲಿನ ಬಿಳಿಯರ ಒಂದು ಸಂಸ್ಥೆ ಕಂಡುಕೊಂಡ ಉತ್ತರವೆಂದರೆ ಅವರನ್ನು ಹಡಗು ಹತ್ತಿಸಿ ಆಫ್ರಿಕಾಕ್ಕೆ ಕಳಿಸುವುದು. 1822ರಿಂದ ಹೀಗೆ ಬಂದವರು ಕರಾವಳಿಯಲ್ಲಿ ನೆಲೆ ನಿಂತರು. ಊರಿಗೆ ಅಮೆರಿಕದ ಅಧ್ಯಕ್ಷ ಜೇಮ್ಸ್ ಮನ್ರೋ ಅವರ ಹೆಸರಿಟ್ಟರು. 1847ರಲ್ಲಿ ಸ್ವತಂತ್ರ ಗಣರಾಜ್ಯ ಎಂದು ಘೋಷಿಸಿಕೊಂಡರು. ಆಮೇಲೆ ನಡೆದದ್ದು ವಿಚಿತ್ರ. ದಾಸ್ಯ ಅನುಭವಿಸಿ ಬಂದವರು ಅಲ್ಲಿನ ಮೂಲ ಜನರ ಮೇಲೆ ತಾವೇ ಧಣಿಗಳಾದರು. ಆ ಸೆಕೆಯಲ್ಲೂ ಕೋಟು, ಉದ್ದನೆಯ ಟೋಪಿ ತೊಟ್ಟರು. ಅಮೆರಿಕದ ತೋಟದ ಮಾಲೀಕರ ಬಂಗಲೆಗಳಂಥ ಮನೆ ಕಟ್ಟಿಸಿದರು. ಜನಸಂಖ್ಯೆಯಲ್ಲಿ ಶೇ. 5ರಷ್ಟೂ ಇಲ್ಲದ ಇವರ ಟ್ರೂ ವಿಗ್ ಪಕ್ಷ 1878ರಿಂದ 1980ರವರೆಗೆ, ನೂರು ವರ್ಷಕ್ಕೂ ಹೆಚ್ಚು ಕಾಲ, ಒಂದು ದಿನವೂ ಅಧಿಕಾರ ಬಿಡಲಿಲ್ಲ. ಊರ ಜನ ಇವರನ್ನು ಕರೆಯುವುದು 'ಕಾಂಗೋ ಜನ' ಎಂದು.

1938ರ ಅಕ್ಟೋಬರ್ 29ರಂದು ಮನ್ರೋವಿಯಾದಲ್ಲಿ ಹುಟ್ಟಿದ ಎಲೆನ್ ಈ ಎರಡರಲ್ಲಿ ಯಾವ ಕಡೆಯವರು? ರಕ್ತದ ಲೆಕ್ಕ ಹಿಡಿದರೆ ಕಾಂಗೋ ಅಲ್ಲವೇ ಅಲ್ಲ. ತಂದೆ ಗೋಲಾ ಬುಡಕಟ್ಟಿನ ಮುಖ್ಯಸ್ಥರ ಮಗ. ತಾಯಿಯ ತಾಯಿ ಕ್ರು ಸಮುದಾಯದ ಸಂತೆ ವ್ಯಾಪಾರಿ, ತಾಯಿಯ ತಂದೆ ಒಂದನೇ ಮಹಾಯುದ್ಧದ ಹೊತ್ತಿಗೆ ದೇಶ ಬಿಟ್ಟುಹೋದ ಜರ್ಮನ್ ವ್ಯಾಪಾರಿ. ಆದರೆ ತಂದೆ ತಾಯಿ ಇಬ್ಬರೂ ಚಿಕ್ಕಂದಿನಲ್ಲೇ ಕಾಂಗೋ ಮನೆತನಗಳಲ್ಲಿ ಬೆಳೆದವರು. ಆ ಕಾಲದ ಲೈಬೀರಿಯಾದಲ್ಲಿ ಮುಂದೆ ಬರಬೇಕಾದರೆ ಇದೊಂದೇ ದಾರಿ: ಮಗುವನ್ನು ದೊಡ್ಡವರ ಮನೆಗೆ ಕಳಿಸುವುದು, ಅಲ್ಲಿ ಕೆಲಸ ಮಾಡಿಕೊಂಡು ಓದುವುದು. ಹೀಗೆ ಓದಿ ವಕೀಲರಾದ ತಂದೆ ಶಾಸನಸಭೆಗೆ ಆರಿಸಿಬಂದ ಮೂಲ ಜನರಲ್ಲಿ ಮೊದಲಿಗರಾದರು. ಮುಂದೆ ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದಾಗ, ಮನೆಗೆ ಬರುತ್ತಿದ್ದ ದೊಡ್ಡ ಮನುಷ್ಯರೂ ಬರುವುದು ನಿಲ್ಲಿಸಿದರು. ಒಳಗಿನವರಂತೆ ಬದುಕುತ್ತಾ ಹೊರಗಿನವರಾಗಿ ಉಳಿಯುವ ಈ ಸ್ಥಿತಿ ಎಲೆನ್ ಅವರ ಇಡೀ ರಾಜಕೀಯಕ್ಕೆ ಅಂಟಿಕೊಂಡಿತು. ನಡೆ ನುಡಿ ಕಾಂಗೋ ಹಾಗಿರುವುದರಿಂದ ಚುನಾವಣೆ ಬಂದಾಗಲೆಲ್ಲ 'ನಾನು ಗೋಲಾ ಮನೆಯ ಮಗಳು' ಎಂದು ಅವರು ನೆನಪಿಸಲೇಬೇಕಾಗುತ್ತಿತ್ತು.

17ಕ್ಕೇ ಮದುವೆ. ಬೇಗ ಬೇಗ ನಾಲ್ಕು ಗಂಡು ಮಕ್ಕಳು. 1960ರ ದಶಕದ ಆರಂಭದಲ್ಲಿ ಮಕ್ಕಳನ್ನು ಅಜ್ಜಿಯರ ಹತ್ತಿರ ಬಿಟ್ಟು ಗಂಡನ ಜೊತೆ ಅಮೆರಿಕಕ್ಕೆ ಹೋಗಿ ಲೆಕ್ಕಪತ್ರ ಕಲಿತರು, ಓದಿನ ಖರ್ಚಿಗೆ ಅಂಗಡಿಯಲ್ಲಿ ಕಸ ಗುಡಿಸಿದರು. ಗಂಡ ಕೈ ಮಾಡುತ್ತಿದ್ದ, ಕೊನೆಗೆ ವಿಚ್ಛೇದನವಾಯಿತು. ಆಮೇಲೆ ಹಾರ್ವರ್ಡ್‌ನಲ್ಲಿ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ ಮುಗಿಸಿ 1971ರಲ್ಲಿ ಊರಿಗೆ ಮರಳಿದರು. ಆ ಕಾಲದ ಆಫ್ರಿಕಾದ ನಾಯಕರಲ್ಲಿ ಹೆಚ್ಚಿನವರು ಸ್ವಾತಂತ್ರ್ಯ ಹೋರಾಟದಿಂದಲೋ ಸೇನೆಯಿಂದಲೋ ಬಂದವರು. ಇವರು ಬಂದದ್ದು ಖಜಾನೆಯ ಕಡತಗಳ ನಡುವಿನಿಂದ.

ಸರ್ಕಾರದ ಒಳಗೆ, ಜೈಲಿನ ಒಳಗೆ

ಅಧ್ಯಕ್ಷ ವಿಲಿಯಂ ಟೋಲ್ಬರ್ಟ್ ಅವರ ಹಣಕಾಸು ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಸಿಕ್ಕ ಕೆಲವೇ ದಿನಗಳಲ್ಲಿ, 1972ರಲ್ಲಿ, ತಾವೇ ಓದಿದ ಶಾಲೆಯ ಪದವಿ ಸಮಾರಂಭದಲ್ಲಿ ನಿಂತು ಅದೇ ಸರ್ಕಾರವನ್ನು ಟೀಕಿಸಿದರು. ಊರಲ್ಲಿರುವುದು ಕಷ್ಟವಾಗಿ ವಿಶ್ವಬ್ಯಾಂಕಿಗೆ ಹೋದರು. ಕೆಲವು ವರ್ಷ ಬಿಟ್ಟು ಮತ್ತೆ ಅದೇ ಸರ್ಕಾರಕ್ಕೆ ಬಂದರು, 1979ರಲ್ಲಿ ಹಣಕಾಸು ಸಚಿವೆಯಾದರು. ಈ ಹೋಗು ಬಾ ಆಟವನ್ನು ನೆನಪಿನಲ್ಲಿಡಿ, ಮುಂದೆ ಇನ್ನೂ ಎರಡು ಮೂರು ಸಲ ಕಾಣಿಸುತ್ತದೆ.

ಆ 1979ರ ಏಪ್ರಿಲ್‌ನಲ್ಲಿ ಅಕ್ಕಿಯ ಬೆಲೆ ಏರಿಸುವ ಪ್ರಸ್ತಾಪಕ್ಕೆ ಮನ್ರೋವಿಯಾದ ಜನ ಬೀದಿಗಿಳಿದಿದ್ದರು. ಲೈಬೀರಿಯಾದವರಿಗೂ ನಮ್ಮ ಹಾಗೆ ಅನ್ನವೇ ಊಟ. ಬೇರೆ ಏನು ಎಷ್ಟು ತಿಂದರೂ ಅನ್ನ ಉಣ್ಣದಿದ್ದರೆ ಉಂಡ ಲೆಕ್ಕವಿಲ್ಲ. ಪೊಲೀಸರ ಗುಂಡಿಗೆ ಹತ್ತಾರು ಜನ ಸತ್ತರು. ಮರುವರ್ಷ ಏಪ್ರಿಲ್ 12ರಂದು ಸ್ಯಾಮ್ಯುಯೆಲ್ ಡೋ ಎಂಬ ಮಾಸ್ಟರ್ ಸಾರ್ಜೆಂಟ್ ಕೆಲವೇ ಸೈನಿಕರೊಂದಿಗೆ ಅಧ್ಯಕ್ಷರ ಭವನಕ್ಕೆ ನುಗ್ಗಿದ, ಟೋಲ್ಬರ್ಟ್ ಕೊಲೆಯಾದರು. ಹತ್ತು ದಿನದ ಬಳಿಕ ಹಳೆಯ ಸರ್ಕಾರದ 13 ಮಂದಿಯನ್ನು ಸಮುದ್ರ ದಂಡೆಯಲ್ಲಿ ಕಂಬಗಳಿಗೆ ಕಟ್ಟಿ ಗುಂಡಿಟ್ಟರು. ಬದುಕುಳಿದ ಬೆರಳೆಣಿಕೆಯ ಸಚಿವರಲ್ಲಿ ಸರ್ಲೀಫ್ ಒಬ್ಬರು. ಸರ್ಲೀಫ್‌ಗೆ ಡೋ ಬ್ಯಾಂಕೊಂದರ ಹೊಣೆಯನ್ನೂ ಕೊಟ್ಟ. ಖಜಾನೆ ಕೈಗೆ ಬಂದರೂ ಲೆಕ್ಕ ಬರೆಯಲು ಗೊತ್ತಿದ್ದವರು ಆ ಸೈನಿಕರ ಪೈಕಿ ಯಾರಿದ್ದರು? ಆ ವರ್ಷ ಮುಗಿಯುವ ಮುನ್ನವೇ ಸರ್ಲೀಫ್ ಅವನನ್ನೂ ಟೀಕಿಸಿ ದೇಶ ಬಿಟ್ಟರು, ನೈರೋಬಿಯ ಸಿಟಿಬ್ಯಾಂಕ್ ಸೇರಿದರು.

1985ರಲ್ಲಿ ಡೋ ಚುನಾವಣೆ ಘೋಷಿಸಿದಾಗ ವಾಪಸು ಬಂದರು. ಅದಕ್ಕೂ ಮುಂಚೆ ಅಮೆರಿಕದ ಒಂದು ಸಭೆಯಲ್ಲಿ, ದೇಶ ಮೂರ್ಖರ ಕೈಯಲ್ಲಿದೆ ಎಂಬರ್ಥದ ಮಾತಾಡಿದ್ದರು. ಅಷ್ಟಕ್ಕೇ ದೇಶದ್ರೋಹದ ಮೊಕದ್ದಮೆ, 10 ವರ್ಷದ ಶಿಕ್ಷೆ. ಹೊರಗಿನ ಒತ್ತಡಕ್ಕೆ ಮಣಿದು ಬಿಟ್ಟುಬಿಟ್ಟರು. ಬಿಡುಗಡೆಯಾದ ಕೂಡಲೇ ಸೆನೆಟ್‌ಗೆ ನಿಂತು ಗೆದ್ದರು. ಆದರೆ ಅಧ್ಯಕ್ಷೀಯ ಚುನಾವಣೆಯನ್ನು ಡೋ ಕದ್ದಿದ್ದಾನೆ ಎಂದು ಹೇಳಿ, ತಾವು ಗೆದ್ದ ಕುರ್ಚಿಯಲ್ಲಿ ಕೂರಲೊಲ್ಲೆ ಎಂದರು. ಕೆಲವೇ ವಾರಗಳಲ್ಲಿ ಡೋ ವಿರುದ್ಧ ಒಂದು ಕ್ಷಿಪ್ರಕ್ರಾಂತಿ ನಡೆದು ವಿಫಲವಾಯಿತು. ಅದರ ಹೆಸರಲ್ಲಿ ಇವರನ್ನು ಮತ್ತೆ ಜೈಲಿಗೆ ಹಾಕಿದರು. 1986ರಲ್ಲಿ ಹೊರಬಂದವರು ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದರು. 'ಉಕ್ಕಿನ ಮಹಿಳೆ' ಎಂಬ ಹೆಸರಿಗೆ ತಳಪಾಯ ಬಿದ್ದದ್ದು ಈ ಒಂದೂವರೆ ವರ್ಷದಲ್ಲಿ.

ಇಷ್ಟರಲ್ಲಿ ನಿಲ್ಲಿಸಿದರೆ ಕತೆ ಚೊಕ್ಕವಾಗಿರುತ್ತಿತ್ತು. 1989ರ ಡಿಸೆಂಬರ್ 24ರಂದು ಚಾರ್ಲ್ಸ್ ಟೇಲರ್ ಎಂಬಾತ ಐವರಿ ಕೋಸ್ಟ್ ಗಡಿಯಿಂದ ನಿಂಬಾ ಜಿಲ್ಲೆಗೆ ಬಂಡುಕೋರರನ್ನು ನುಗ್ಗಿಸಿದ. ಡೋನನ್ನು ಇಳಿಸಲು ಇವನಿಂದಾದರೂ ಆದೀತು ಎಂದು ನಂಬಿದ ವಿದೇಶವಾಸಿ ಲೈಬೀರಿಯನ್ನರ ಗುಂಪೊಂದು ಅವನಿಗೆ ಹಣ ಕೂಡಿಸಿಕೊಟ್ಟಿತು. ಆ ಗುಂಪಿನ ಮುಂದಾಳುಗಳಲ್ಲಿ ಸರ್ಲೀಫ್ ಇದ್ದರು. ಮೊತ್ತ 10,000 ಡಾಲರ್. ಆ ದುಡ್ಡು ನೊಂದವರಿಗೆ ನೆರವೆಂದು ಕೊಟ್ಟದ್ದು ಎಂಬುದು ಅವರ ವಿವರಣೆ. ಟೇಲರ್ ಎಂಥವನೆಂದು ಗೊತ್ತಾದಾಗ ಅವರು ದೂರ ಸರಿದರು ನಿಜ. ಆದರೆ ಯುದ್ಧ ದೂರ ಸರಿಯಲಿಲ್ಲ. ಎರಡು ಕಂತುಗಳಲ್ಲಿ 2003ರವರೆಗೆ ನಡೆದ ಆ ಕೊಲೆಪಾತಕದಲ್ಲಿ ಸತ್ತವರು ಸುಮಾರು 2.5 ಲಕ್ಷ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಹತ್ತು ಹನ್ನೆರಡು ವರ್ಷದ ಹುಡುಗರ ಕೈಗೆ ಬಂದೂಕು ಕೊಟ್ಟಿದ್ದರು. ಡೋನನ್ನು 1990ರಲ್ಲಿ ಪ್ರಿನ್ಸ್ ಜಾನ್ಸನ್ ಎಂಬ ಇನ್ನೊಬ್ಬ ಬಂಡುಕೋರ ನಾಯಕ ಹಿಡಿದು, ತಾನು ಬಿಯರ್ ಕುಡಿಯುತ್ತಾ ಕೂತು ಅವನ ಕಿವಿ ಕೊಯ್ಯಿಸಿ, ಅದನ್ನು ವಿಡಿಯೊ ಮಾಡಿಸಿದ. ಈ ಜಾನ್ಸನ್ ಹೆಸರನ್ನೂ ನೆನಪಿಡಿ.

1997ರಲ್ಲಿ ತಾತ್ಕಾಲಿಕ ಶಾಂತಿ ಏರ್ಪಟ್ಟು ಚುನಾವಣೆ ನಡೆದಾಗ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಆಫ್ರಿಕಾ ವಿಭಾಗದ ದೊಡ್ಡ ಹುದ್ದೆ ಬಿಟ್ಟು ಸರ್ಲೀಫ್ ಟೇಲರ್ ವಿರುದ್ಧ ನಿಂತರು. ಅವನಿಗೆ ಶೇ. 75, ಇವರಿಗೆ ಶೇ. 10ಕ್ಕೂ ಕಡಿಮೆ. 'ನನ್ನ ಅಮ್ಮನನ್ನು ಕೊಂದ, ಅಪ್ಪನನ್ನು ಕೊಂದ, ಆದರೂ ಅವನಿಗೇ ನನ್ನ ಓಟು' ಎಂಬುದು ಟೇಲರ್ ಬೆಂಬಲಿಗರ ಘೋಷಣೆಯಾಗಿತ್ತು. ಓದಿದರೆ ಹುಚ್ಚುತನ ಅನ್ನಿಸುತ್ತದೆ. ಆದರೆ ಅದರೊಳಗೆ ತಣ್ಣಗಿನ ತರ್ಕವೊಂದಿತ್ತು: ಇವನು ಸೋತರೆ ಮತ್ತೆ ಕಾಡಿಗೆ ಹೋಗಿ ಯುದ್ಧ ಶುರು ಮಾಡುತ್ತಾನೆ, ಗೆಲ್ಲಿಸಿದರೆ ಸುಮ್ಮನಾದಾನು. ಸುಮ್ಮನಾಗಲಿಲ್ಲ. ಸರ್ಲೀಫ್ ಮತ್ತೊಮ್ಮೆ ದೇಶ ಬಿಟ್ಟರು.

ಮೀನು ಮಾರುಕಟ್ಟೆಯಿಂದ ಮತಗಟ್ಟೆಗೆ

2003ರಲ್ಲಿ ಯುದ್ಧ ನಿಲ್ಲಿಸಿದ ಯಶಸ್ಸನ್ನು ಸರ್ಲೀಫ್ ಅವರ ತಲೆಗೆ ಕಟ್ಟುವುದು ತಪ್ಪು. ಅದು ಸಲ್ಲಬೇಕಾದದ್ದು ಲೇಮಾ ಬೋವಿ ಮತ್ತು ಅವರ ಜೊತೆಗಿದ್ದ ಸಾವಿರಾರು ಹೆಂಗಸರಿಗೆ. ಕ್ರಿಶ್ಚಿಯನ್ನರು, ಮುಸ್ಲಿಮರು ಒಟ್ಟಾಗಿ ಬಿಳಿ ಬಟ್ಟೆ ತೊಟ್ಟು, ಟೇಲರ್ ಓಡಾಡುವ ದಾರಿಯ ಮೀನು ಮಾರುಕಟ್ಟೆಯ ಬಯಲಿನಲ್ಲಿ ದಿನಗಟ್ಟಲೆ ಬಿಸಿಲು ಮಳೆ ಎನ್ನದೆ ಕೂತರು. ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ಎಳೆದಾಡತೊಡಗಿದಾಗ ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದವಾಗದೆ ಹೊರಗೆ ಬಿಡುವುದಿಲ್ಲ ಎಂದರು. ಆಗಸ್ಟ್ 11ರಂದು ಟೇಲರ್ ರಾಜೀನಾಮೆ ಕೊಟ್ಟು ನೈಜೀರಿಯಾಕ್ಕೆ ಹೋದ, 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಬೀದಿಯಲ್ಲಿ ಕೂತ ಈ ಹೆಂಗಸರ ಬಲವೇ ಎರಡು ವರ್ಷದ ಬಳಿಕ ಮತವಾಗಿ ಬಂತು. 2005ರ ಅಕ್ಟೋಬರ್ 11ರಂದು 22 ಅಭ್ಯರ್ಥಿಗಳು ಕಣದಲ್ಲಿದ್ದರು. ಮೊದಲ ಸ್ಥಾನ ಫುಟ್‌ಬಾಲ್ ತಾರೆ ಜಾರ್ಜ್ ವೇಯಾಗೆ, ಶೇ. 28.3. 1995ರಲ್ಲಿ ವಿಶ್ವದ ಶ್ರೇಷ್ಠ ಆಟಗಾರ ಎನಿಸಿಕೊಂಡಿದ್ದವರು, ಕೊಳೆಗೇರಿಯಲ್ಲಿ ಬೆಳೆದವರು, ಹುಡುಗರ ಪಾಲಿಗೆ ದೇವರು. ಸರ್ಲೀಫ್‌ಗೆ ಶೇ. 19.8. ನಮ್ಮಲ್ಲಾಗಿದ್ದರೆ ಅಲ್ಲಿಗೇ ಮುಗಿಯಿತು, ಹೆಚ್ಚು ಮತ ಬಂದವರು ಗೆದ್ದರು. ಅಲ್ಲಿನ ನಿಯಮ ಬೇರೆ. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬರದಿದ್ದರೆ ಮೊದಲ ಇಬ್ಬರ ನಡುವೆ ಮಾತ್ರ ಎರಡನೇ ಸುತ್ತು ನಡೆಯಬೇಕು. ಸರ್ಲೀಫ್ ಅವರ ಅದೃಷ್ಟ ತೆರೆದದ್ದು ಈ ಕಲಮಿನಿಂದ. 20 ಮಂದಿಗೆ ಹಂಚಿಹೋಗಿದ್ದ ಅರ್ಧಕ್ಕೂ ಹೆಚ್ಚು ಮತಗಳು ಈಗ ಒಂದು ಕಡೆ ವಾಲಬೇಕಿತ್ತು.

ವೇಯಾ ಶಾಲೆ ಪೂರ್ತಿ ಮಾಡಿರಲಿಲ್ಲ. ಅದನ್ನು ಎದುರಾಳಿಗಳು ಎತ್ತಿದಾಗ ಅವರ ಹುಡುಗರು 'ಪುಸ್ತಕ ಗೊತ್ತಿರಲಿ ಬಿಡಲಿ, ಓಟು ಅವನಿಗೇ' ಎಂದು ಹಾಡಿದರು. ಓದಿದವರೇ ದೇಶ ಹಾಳು ಮಾಡಿದ್ದು ಎಂಬ ಸಿಟ್ಟು ಅದರಲ್ಲಿತ್ತು, ಅದು ಸುಳ್ಳೂ ಅಲ್ಲ. ಇದಕ್ಕೆ ಉತ್ತರ ಕೊಟ್ಟದ್ದು ಸಂತೆಯ ಹೆಂಗಸರು. ಲೈಬೀರಿಯಾದ ಯುದ್ಧಕಾಲದಲ್ಲಿ ಊಟ ಹುಟ್ಟಿಸಿದ್ದು ಗೆಣಸು, ಮೀನು, ಮೆಣಸಿನಕಾಯಿಯ ಬುಟ್ಟಿ ಹೊತ್ತು ಬಂಡುಕೋರರ ಚೆಕ್‌ಪೋಸ್ಟ್‌ಗಳನ್ನು ದಾಟಿ ನಡೆದ ಈ ವ್ಯಾಪಾರಿ ಹೆಂಗಸರೇ. ಒಬ್ಬಳು ಅಂಗಡಿ ನೋಡಿಕೊಂಡರೆ ಇನ್ನೊಬ್ಬಳು ಹೆಸರು ನೋಂದಾಯಿಸಿ ಬರುವುದು, ಆಮೇಲೆ ಅದಲುಬದಲು. ಮತದಾರರ ಪಟ್ಟಿಯಲ್ಲಿ ಅರ್ಧದಷ್ಟು ಹೆಂಗಸರೇ ತುಂಬಿದರು. ನವೆಂಬರ್ 8ರ ಎರಡನೇ ಸುತ್ತಿನಲ್ಲಿ ಸರ್ಲೀಫ್‌ಗೆ ಶೇ. 59.4, ವೇಯಾಗೆ ಶೇ. 40.6. 2006ರ ಜನವರಿ 16ರಂದು, 67ರ ವಯಸ್ಸಿನಲ್ಲಿ, ಅವರು ಪ್ರಮಾಣವಚನ ತೆಗೆದುಕೊಂಡರು.

ಅರವತ್ತು ಪಟ್ಟು ಸಾಲ

ನನ್ನ ಮಟ್ಟಿಗೆ ಸರ್ಲೀಫ್ ಅವರ ನಿಜವಾದ ಸಾಧನೆ ಇರುವುದು ಭಾಷಣಗಳಲ್ಲಿ ಹೆಚ್ಚು ಕೇಳಿಸದ, ಓದಲು ಒಣ ಒಣ ಅನ್ನಿಸುವ ಒಂದು ಕೆಲಸದಲ್ಲಿ.

ಅವರು ಬಂದಾಗ ದೇಶದ ವಾರ್ಷಿಕ ಬಜೆಟ್ ಸುಮಾರು 8 ಕೋಟಿ ಡಾಲರ್. ಹೊರದೇಶದ ಸಾಲ ಸುಮಾರು 490 ಕೋಟಿ ಡಾಲರ್. ವರ್ಷಕ್ಕೆ ಒಂದು ಲಕ್ಷ ರೂಪಾಯಿ ಆದಾಯದ ಮನೆಯ ಮೇಲೆ 60 ಲಕ್ಷ ಸಾಲವಿದ್ದ ಹಾಗೆ. ಇಷ್ಟೆಲ್ಲವನ್ನೂ ಯಾರೋ ಎತ್ತಿ ತಿಂದರು ಎಂದುಕೊಂಡರೆ ಅರ್ಧ ಸತ್ಯ. 1980ರ ದಶಕದಲ್ಲೇ ಕಂತು ಕಟ್ಟುವುದು ನಿಂತುಹೋಗಿ, ಯುದ್ಧದ ಉದ್ದಕ್ಕೂ ಬಡ್ಡಿ, ಸುಸ್ತಿ ಬಡ್ಡಿ ಬೆಳೆದು ಅಸಲನ್ನು ನುಂಗಿತ್ತು. ದೊಡ್ಡ ತೊಂದರೆಯೆಂದರೆ, ಹಳೆಯ ಬಾಕಿ ಇರುವ ತನಕ ವಿಶ್ವಬ್ಯಾಂಕ್, ಐಎಂಎಫ್ ಹೊಸದಾಗಿ ಸಾಲ ಕೊಡುವಂತಿಲ್ಲ. ಸಾಲವಿಲ್ಲದೆ ರಸ್ತೆಯಿಲ್ಲ, ರಸ್ತೆಯಿಲ್ಲದೆ ತೆರಿಗೆಯಿಲ್ಲ, ತೆರಿಗೆಯಿಲ್ಲದೆ ಬಾಕಿ ತೀರುವುದಿಲ್ಲ.

ಬಡದೇಶಗಳ ಸಾಲಮನ್ನಾಕ್ಕೆ ಒಂದು ಜಾಗತಿಕ ಯೋಜನೆ ಇತ್ತು. ಆದರೆ ಅದು ನಮ್ಮ ಚುನಾವಣಾ ಕಾಲದ ಸಾಲಮನ್ನಾದಂತೆ ಒಂದು ಘೋಷಣೆಗೆ ಬರುವಂಥದ್ದಲ್ಲ. ಮೊದಲು ಮನೆ ಲೆಕ್ಕ ಸರಿಯಿದೆ ಎಂದು ತೋರಿಸಬೇಕು, ಆಮೇಲೆ ಬಡತನ ಇಳಿಸುವ ಯೋಜನೆ ಬರೆದು ಜಾರಿಗೆ ತರಬೇಕು, ವರ್ಷಗಟ್ಟಲೆ ತಪಾಸಣೆಗೆ ಒಡ್ಡಿಕೊಳ್ಳಬೇಕು. ಸರ್ಲೀಫ್ ಸರ್ಕಾರ ಕೈಯಲ್ಲಿರುವ ದುಡ್ಡಿಗಿಂತ ಒಂದು ಡಾಲರೂ ಹೆಚ್ಚು ಖರ್ಚು ಮಾಡದ ನಗದು ಬಜೆಟ್ ಪದ್ಧತಿ ಹಿಡಿಯಿತು. ಯುದ್ಧ ನಿಂತ ಮೇಲೆ ಚುನಾವಣೆಯವರೆಗೆ ಇದ್ದ ಮಧ್ಯಂತರ ಸರ್ಕಾರದ ಕಳ್ಳತನ ನೋಡಿ ದಾನಿ ದೇಶಗಳು ಹೇರಿದ್ದ ಒಂದು ವ್ಯವಸ್ಥೆಯನ್ನೂ ಒಪ್ಪಿಕೊಂಡಿತು: ಬಂದರು, ವಿಮಾನ ನಿಲ್ದಾಣದಂಥ ಆದಾಯದ ಜಾಗಗಳಲ್ಲಿ ಲೈಬೀರಿಯಾದ ಅಧಿಕಾರಿಯ ಸಹಿಯ ಜೊತೆ ವಿದೇಶಿ ತಜ್ಞರ ಸಹಿಯೂ ಇಲ್ಲದೆ ಚೆಕ್ ಪಾಸಾಗದು. ಸ್ವತಂತ್ರ ದೇಶಕ್ಕೆ ಇದು ಅವಮಾನ ಎಂದವರಿದ್ದರು. ಅವಮಾನವೇ ಸರಿ. ಆದರೆ ಜೋಳಿಗೆ ಹಿಡಿದು ನಿಂತವರು ಎಷ್ಟರ ಮಟ್ಟಿಗೆ ಮೀಸೆ ತಿರುವಬಹುದು ಎಂಬುದು ಬ್ಯಾಂಕಿನ ಮೇಜಿನ ಎರಡೂ ಬದಿ ಕೂತಿದ್ದ ಸರ್ಲೀಫ್‌ಗೆ ಗೊತ್ತಿತ್ತು.

ಸಾಲ ಕೊಟ್ಟ ಖಾಸಗಿಯವರ ಕತೆ ಇನ್ನೂ ಸ್ವಾರಸ್ಯದ್ದು. ಬ್ಯಾಂಕುಗಳು ಕೈಬಿಟ್ಟ ಹಳೆಯ ಸಾಲಪತ್ರಗಳನ್ನು ಕಿಲುಬು ಕಾಸಿಗೆ ಕೊಂಡು, ದೇಶ ಚೇತರಿಸಿಕೊಂಡ ಕೂಡಲೇ ಕೋರ್ಟಿಗೆ ಹೋಗಿ ಪೂರ್ತಿ ಬಡ್ಡಿಸಮೇತ ಕೇಳುವ ಕಂಪನಿಗಳಿವೆ. ಅವಕ್ಕೆ 'ರಣಹದ್ದು ನಿಧಿ' ಎಂದೇ ಹೆಸರು. 2009ರಲ್ಲಿ ಲೈಬೀರಿಯಾ 120 ಕೋಟಿ ಡಾಲರ್ ಖಾಸಗಿ ಸಾಲವನ್ನು ದಾನಿಗಳ ಹಣದಿಂದ ಡಾಲರಿಗೆ ಸುಮಾರು 3 ಸೆಂಟ್‌ನಂತೆ ಮರಳಿ ಕೊಂಡುಕೊಂಡಿತು, ಅಂದರೆ ನೂರು ರೂಪಾಯಿಯ ಸಾಲಕ್ಕೆ ಮೂರು ರೂಪಾಯಿ. ಇದಕ್ಕೆ ಒಪ್ಪದ ಒಂದೆರಡು ಕಂಪನಿಗಳು ಲಂಡನ್ನಿನ ಕೋರ್ಟಿನಲ್ಲಿ ಸುಮಾರು 2 ಕೋಟಿ ಡಾಲರ್‌ಗೆ ತೀರ್ಪು ಪಡೆದವು. ಮೂಲ ಸಾಲ 1978ರದ್ದು, 60 ಲಕ್ಷ ಚಿಲ್ಲರೆ ಡಾಲರ್. ಇಂಥ ಪ್ರಕರಣಗಳಿಂದ ಬೇಸತ್ತು ಬ್ರಿಟನ್ ಸಂಸತ್ತು 2010ರಲ್ಲಿ ರಣಹದ್ದುಗಳ ರೆಕ್ಕೆ ಕತ್ತರಿಸುವ ಕಾಯ್ದೆಯನ್ನೇ ತಂದಿತು. ಅದೇ ವರ್ಷ ಜೂನ್ ಕೊನೆಗೆ ಲೈಬೀರಿಯಾದ 460 ಕೋಟಿ ಡಾಲರ್ ಸಾಲ ಮನ್ನಾ ಆಯಿತು.

ಒಪ್ಪಂದಗಳ ವಿಷಯದಲ್ಲೂ ಇದೇ ಲೆಕ್ಕಿಗರ ಕಣ್ಣು. ಫೈರ್‌ಸ್ಟೋನ್ ಕಂಪನಿಗೆ 1926ರಲ್ಲಿ ಹತ್ತು ಲಕ್ಷ ಎಕರೆ ನೆಲವನ್ನು ರಬ್ಬರಿಗಾಗಿ ಎಕರೆಗೆ 6 ಸೆಂಟ್ ಗುತ್ತಿಗೆಯ ಮೇಲೆ 99 ವರ್ಷಕ್ಕೆ ಬರೆದುಕೊಟ್ಟಿದ್ದ ದೇಶ ಅದು. ಸರ್ಲೀಫ್ ಬಂದ ಮೇಲೆ ಫೈರ್‌ಸ್ಟೋನ್ ಜೊತೆಗಿನ ಕರಾರನ್ನೂ, ನಿಂಬಾದ ಕಬ್ಬಿಣದ ಅದಿರಿಗಾಗಿ ಮಧ್ಯಂತರ ಸರ್ಕಾರ ಮಿತ್ತಲ್ ಸ್ಟೀಲ್ ಜೊತೆ ಮಾಡಿಕೊಂಡಿದ್ದ ಕರಾರನ್ನೂ ಮತ್ತೆ ಬಿಚ್ಚಿ, ದೇಶಕ್ಕೆ ಹೆಚ್ಚು ಪಾಲು ಬರುವಂತೆ ತಿದ್ದಿ ಬರೆಸಿದರು. ಆದರೆ ತೋಟ, ಗಣಿ, ಕಾಡುಗಳನ್ನು ವಿದೇಶಿ ಕಂಪನಿಗಳಿಗೆ ಕೊಡುವ ಹಳೆಯ ದಾರಿಯನ್ನೇನೂ ಬಿಡಲಿಲ್ಲ, ಅಗಲ ಮಾಡಿದರು. ಅದರಡಿ ನೆಲ ಕಳೆದುಕೊಂಡ ಹಳ್ಳಿಗಳ ತಕರಾರು ಅವರ ಕಾಲದಲ್ಲಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ತೀರದ ಬಾಕಿ

ದುಡ್ಡಿನ ಬಾಕಿಯನ್ನು ಇಷ್ಟು ಶಿಸ್ತಿನಿಂದ ತೀರಿಸಿದವರು ಸತ್ತವರ ಬಾಕಿಗೆ ಬಂದಾಗ ಬೇರೆಯೇ ಮನುಷ್ಯರಂತೆ ಕಾಣುತ್ತಾರೆ.

2006ರ ಮಾರ್ಚ್‌ನಲ್ಲಿ ಟೇಲರ್‌ನನ್ನು ಒಪ್ಪಿಸುವಂತೆ ನೈಜೀರಿಯಾವನ್ನು ಅವರು ಕೇಳಿದ್ದು ದಿಟ್ಟ ಹೆಜ್ಜೆ. ಅವನ ಜನ ಇನ್ನೂ ಸಂಸತ್ತಿನಲ್ಲಿದ್ದರು. 2012ರಲ್ಲಿ ಹೇಗ್‌ನಲ್ಲಿ ಅವನಿಗೆ 50 ವರ್ಷ ಶಿಕ್ಷೆಯಾಯಿತು. ಆದರೆ ಹಲವರು ಗಮನಿಸದ ಸಂಗತಿ ಇದು: ಆ ಶಿಕ್ಷೆ ಪಕ್ಕದ ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗೆ. ಲೈಬೀರಿಯಾದ ಯುದ್ಧಕ್ಕಾಗಿ ಲೈಬೀರಿಯಾದ ನೆಲದಲ್ಲಿ ಅವರ ಆಡಳಿತದ 12 ವರ್ಷಗಳಲ್ಲಿ ಒಬ್ಬನ ವಿಚಾರಣೆಯೂ ನಡೆಯಲಿಲ್ಲ.

ದಕ್ಷಿಣ ಆಫ್ರಿಕಾದ ಮಾದರಿಯಲ್ಲಿ ಸತ್ಯ ಮತ್ತು ಸಂಧಾನ ಆಯೋಗವೊಂದು ಅಲ್ಲಿಯೂ ಇತ್ತು. 2009ರ ಫೆಬ್ರುವರಿಯಲ್ಲಿ ಅದರ ಮುಂದೆ ಕೂತು ಟೇಲರ್‌ಗೆ ಬೆಂಬಲ ಕೊಟ್ಟದ್ದಕ್ಕೆ ಸರ್ಲೀಫ್ ಕ್ಷಮೆ ಕೇಳಿದರು. ಅದೇ ವರ್ಷ ಬಂದ ವರದಿ, ಬಂಡುಕೋರರಿಗೆ ನೆರವಾದ ಸುಮಾರು 50 ಮಂದಿ 30 ವರ್ಷ ಸಾರ್ವಜನಿಕ ಹುದ್ದೆ ಹಿಡಿಯಬಾರದು ಎಂದಿತು. ಪಟ್ಟಿಯಲ್ಲಿ ಹಾಲಿ ಅಧ್ಯಕ್ಷೆಯ ಹೆಸರೂ ಇತ್ತು! 10,000 ಡಾಲರ್ ಕೊಟ್ಟವರನ್ನೂ ಕೊಲೆ ಮಾಡಿಸಿದವರನ್ನೂ ಒಂದೇ ವರದಿಯಲ್ಲಿ ತಂದದ್ದು ಅತಿಯಾಯಿತು ಎನ್ನಬಹುದು. ಆದರೆ ಅದರ ಪರಿಣಾಮ ನೋಡಿ. ಆಡಳಿತದಲ್ಲಿರುವವರ ಹೆಸರೇ ಒಳಗಿದ್ದ ಮೇಲೆ ವರದಿಯನ್ನು ಜಾರಿಗೆ ತರುವ ಹಟ ಯಾರಿಗಿರುತ್ತದೆ? 2011ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವಿಚಾರಣೆಯಿಲ್ಲದೆ ಹೀಗೆ ನಿಷೇಧ ಹೇರುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಮೊಕದ್ದಮೆ ನಡೆಸಲು ವಿಶೇಷ ನ್ಯಾಯಾಲಯ ಬೇಕೆಂಬ ಶಿಫಾರಸೂ ಅದರ ಜೊತೆಗೇ ಮೂಲೆ ಸೇರಿತು.

ಒಂದೇ ಅವಧಿ ಸಾಕು ಎಂದಿದ್ದವರು 2011ರಲ್ಲಿ ಮತ್ತೆ ನಿಂತರು. ಮತದಾನಕ್ಕೆ ನಾಲ್ಕು ದಿನ ಮೊದಲು, ಅಕ್ಟೋಬರ್ 7ರಂದು, ಲೇಮಾ ಬೋವಿ ಮತ್ತು ಯೆಮೆನ್‌ನ ತವಕ್ಕುಲ್ ಕರ್ಮಾನ್ ಜೊತೆ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾಯಿತು. ವಿರೋಧ ಪಕ್ಷದವರು ಕೆಂಡವಾದರು. ಮೊದಲ ಸುತ್ತಿನಲ್ಲಿ ಶೇ. 44ರ ಹತ್ತಿರ ಬಂದ ಸರ್ಲೀಫ್‌ಗೆ ಬಹುಮತಕ್ಕೆ ಇನ್ನೊಬ್ಬರ ಮತ ಬೇಕಿತ್ತು. ಬೆಂಬಲ ಘೋಷಿಸಿದ್ದು ಮೂರನೇ ಸ್ಥಾನದಲ್ಲಿದ್ದ ಅಭ್ಯರ್ಥಿ, ಆಗ ಸೆನೆಟರ್ ಆಗಿದ್ದ ಪ್ರಿನ್ಸ್ ಜಾನ್ಸನ್. ಡೋನ ಕಿವಿ ಕೊಯ್ಯಿಸಿದ ಅದೇ ಜಾನ್ಸನ್. ಕೊನೆಗೆ ಎದುರಾಳಿ ವಿನ್‌ಸ್ಟನ್ ಟಬ್‌ಮನ್ ಚುನಾವಣೆಯಲ್ಲಿ ಮೋಸ ನಡೆದಿದೆ ಎಂದು ಎರಡನೇ ಸುತ್ತನ್ನೇ ಬಹಿಷ್ಕರಿಸಿದರು. ಮತ ಹಾಕಿದವರು ಶೇ. 39ರಷ್ಟೂ ಇಲ್ಲ, ಅದರಲ್ಲಿ ಶೇ. 90.7 ಇವರಿಗೆ.

ಎರಡನೇ ಅವಧಿಯನ್ನು ಹಾಳು ಮಾಡಿದ್ದು ಮನೆ ಮತ್ತು ಮಾರಿ. ಪ್ರಮಾಣವಚನದ ದಿನ ಭ್ರಷ್ಟಾಚಾರವೇ ದೇಶದ ದೊಡ್ಡ ಶತ್ರು ಎಂದವರ ಒಬ್ಬ ಮಗ ಸರ್ಕಾರಿ ತೈಲ ಕಂಪನಿಯ ಅಧ್ಯಕ್ಷ, ಇನ್ನೊಬ್ಬ ಕೇಂದ್ರ ಬ್ಯಾಂಕಿನ ಉಪ ಗವರ್ನರ್, ಮಲಮಗ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಮುಖ್ಯಸ್ಥ. ನಂಬಿಕಸ್ತರು ಸಿಗದ ದೇಶದಲ್ಲಿ ಮಕ್ಕಳನ್ನೇ ನಂಬಬೇಕಾಯಿತು ಎಂಬ ಸಮರ್ಥನೆಯನ್ನು ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಾವೂ ಕೇಳಿದ್ದೇ. 2012ರಲ್ಲಿ ಆಸ್ತಿ ವಿವರ ಕೊಡದ 46 ಅಧಿಕಾರಿಗಳನ್ನು ಅಮಾನತು ಮಾಡಿದಾಗ ಬ್ಯಾಂಕಿನಲ್ಲಿದ್ದ ಮಗನನ್ನೂ ಬಿಡಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಅದೇ ವರ್ಷ ನೊಬೆಲ್ ಹಂಚಿಕೊಂಡ ಲೇಮಾ ಬೋವಿ ಸ್ವಜನಪಕ್ಷಪಾತವನ್ನು ಬಹಿರಂಗವಾಗಿ ಟೀಕಿಸಿ ಸಂಧಾನ ಸಮಿತಿಯಿಂದ ಹೊರನಡೆದರು. ಮೀನು ಮಾರುಕಟ್ಟೆಯಲ್ಲಿ ಕೂತಿದ್ದವರ ಮಾತು ಅದು, ವಿರೋಧ ಪಕ್ಷದವರ ಮಾತಿಗಿಂತ ಭಾರ ಹೆಚ್ಚು.

2014ರಲ್ಲಿ ಎಬೋಲಾ ಬಂತು. ಆಗಸ್ಟ್‌ನಲ್ಲಿ ಸರ್ಲೀಫ್ ರಾಜಧಾನಿಯ ವೆಸ್ಟ್ ಪಾಯಿಂಟ್ ಕೊಳೆಗೇರಿಗೆ ಸೇನೆ ಕಳಿಸಿ, ಹತ್ತಾರು ಸಾವಿರ ಜನರನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿಸಿದರು. ಜನ ತಿರುಗಿಬಿದ್ದರು, ಗುಂಡು ಹಾರಿತು, ಹದಿಹರೆಯದ ಹುಡುಗನೊಬ್ಬ ಸತ್ತ. ಹತ್ತು ದಿನದಲ್ಲಿ ತಂತಿ ಕಿತ್ತರು. ಅದು ತಪ್ಪಾಯಿತೆಂದು ಅವರೇ ಆಮೇಲೆ ಒಪ್ಪಿಕೊಂಡರು. ಬಂದೂಕಿನಿಂದ ಆಗದ್ದು ಹಳ್ಳಿಯ ಹಿರಿಯರು, ಕೇರಿಯ ಹುಡುಗರು ಮನೆ ಮನೆಗೆ ಹೋಗಿ ಹೆಣ ಮುಟ್ಟಬೇಡಿ, ಕೈ ತೊಳೆಯಿರಿ ಎಂದು ಹೇಳಿದಾಗ ಆಯಿತು. ಲೈಬೀರಿಯಾ ಒಂದರಲ್ಲೇ 4,800ಕ್ಕೂ ಹೆಚ್ಚು ಜನ ತೀರಿಕೊಂಡರು. ಸಾಲಮನ್ನಾದ ಬಳಿಕ ಚಿಗುರುತ್ತಿದ್ದ ಆರ್ಥಿಕತೆ ಅದಿರಿನ ಬೆಲೆ ಕುಸಿತದ ಜೊತೆ ಸೇರಿ ಮತ್ತೆ ನೆಲ ಕಚ್ಚಿತು.

2017ರಲ್ಲಿ ಅವರ ಉಪಾಧ್ಯಕ್ಷ ಜೋಸೆಫ್ ಬೋಕಾಯ್ ಕಣದಲ್ಲಿದ್ದರು, 12 ವರ್ಷ ಜೊತೆಗಿದ್ದವರು. ಆದರೆ ಸರ್ಲೀಫ್ ಬೋಕಾಯ್ ಪರ ಪ್ರಚಾರಕ್ಕೆ ಇಳಿಯಲಿಲ್ಲ. ಗೆದ್ದದ್ದು ಜಾರ್ಜ್ ವೇಯಾ. ಸಿಟ್ಟಿಗೆದ್ದ ಅವರದೇ ಯೂನಿಟಿ ಪಕ್ಷ 2018ರ ಜನವರಿಯಲ್ಲಿ, ಅಧಿಕಾರ ಬಿಡಲು ಹತ್ತು ದಿನವೂ ಇಲ್ಲದಾಗ, ಹಾಲಿ ಅಧ್ಯಕ್ಷೆಯನ್ನೇ ಪಕ್ಷದಿಂದ ಹೊರಹಾಕಿತು. ಜನವರಿ 22ರಂದು ಅವರು ಒಂದು ಕಾಲದಲ್ಲಿ ತಾವು ಸೋಲಿಸಿದ್ದ ವೇಯಾಗೆ ಅಧಿಕಾರ ಒಪ್ಪಿಸಿ ನಡೆದರು. ಆರಿಸಿಬಂದ ಒಬ್ಬ ಅಧ್ಯಕ್ಷರಿಂದ ಇನ್ನೊಬ್ಬರಿಗೆ ಶಾಂತಿಯಿಂದ ಅಧಿಕಾರ ಹೋದದ್ದು 1944ರ ಬಳಿಕ ಅದೇ ಮೊದಲು. ಮುಂದಿನ ತಿಂಗಳು ಆಫ್ರಿಕಾದ ಒಳ್ಳೆಯ ಆಡಳಿತಕ್ಕೆ ಕೊಡುವ 50 ಲಕ್ಷ ಡಾಲರ್‌ನ ಮೊ ಇಬ್ರಾಹಿಂ ಪ್ರಶಸ್ತಿ ಅವರಿಗೆ ಬಂತು. ಮನ್ರೋವಿಯಾದಲ್ಲಿ ಇದಕ್ಕೆ ಚಪ್ಪಾಳೆ ತಟ್ಟಿದವರಷ್ಟೇ ಹುಬ್ಬು ಗಂಟಿಕ್ಕಿದವರೂ ಇದ್ದರು.

ಬೋಕಾಯ್ 2023ರಲ್ಲಿ ವೇಯಾರನ್ನು ಸೋಲಿಸಿ ಅಧ್ಯಕ್ಷರಾದರು. 2024ರ ಮೇ ತಿಂಗಳಲ್ಲಿ, ಯುದ್ಧಾಪರಾಧಗಳ ವಿಚಾರಣೆಗೆ ನ್ಯಾಯಾಲಯ ಕಟ್ಟುವ ಸಿದ್ಧತೆಗೆಂದು ಒಂದು ಕಚೇರಿ ತೆರೆಯುವ ಆದೇಶಕ್ಕೆ ಸಹಿ ಹಾಕಿದರು. ಆಯೋಗದ ವರದಿ ಬಂದು ಆಗಲೇ 15 ವರ್ಷ. ಅದೇ ವರ್ಷದ ನವೆಂಬರ್ 28ರಂದು ಪ್ರಿನ್ಸ್ ಜಾನ್ಸನ್ ತೀರಿಕೊಂಡ, 72ರ ವಯಸ್ಸಿನಲ್ಲಿ, ಸೆನೆಟರ್ ಆಗಿಯೇ.